ಅಜ್ಜಿಯ ಕುತ್ತಿಗೆಯ ಸಸ್ಪೆನ್ಸ್ ಖಾತೆ

ಮಕ್ಕಳೇ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಓದುವ ಅಜ್ಜ ಅಜ್ಜಿಯಂದಿರೇ,

ಈ ವಾರ ಕತೆಗೆ ಮೊದಲು ಒಂದು ಬ್ಯಾಂಕಿನ ಮಾತು. ಬೈಂದೂರು, ಕುಂದಾಪುರ, ಬ್ರಹ್ಮಾವರ ಹೀಗೆ ಒಂದೇ ಹೆದ್ದಾರಿಯ ಮೂರು ಊರುಗಳಲ್ಲಿ ನಾನು ಗುಮಾಸ್ತನಾಗಿ ಲೆಕ್ಕ ಬರೆದವನು. ಆಗ ಕಂಪ್ಯೂಟರ್ ಇರಲಿಲ್ಲ. ದಪ್ಪ ಲೆಡ್ಜರ್, ಶಾಯಿ ಪೆನ್ನು, ಸಂಜೆ ಲೆಕ್ಕ ತಾಳೆಯಾಗುವವರೆಗೆ ಮನೆಗೆ ಹೋಗುವ ಹಾಗಿಲ್ಲ. ಕೆಲವೊಮ್ಮೆ ಒಂದು ಮೊತ್ತ ಬಂದಿರುತ್ತಿತ್ತು, ಅದು ಯಾರ ಖಾತೆಗೆ ಸೇರಬೇಕು ಎಂದು ಗೊತ್ತಾಗುತ್ತಿರಲಿಲ್ಲ. ಸಿಕ್ಕಿದವರ ಖಾತೆಗೆ ಹಾಕುವಂತಿಲ್ಲ, ಇಲ್ಲವೇ ಇಲ್ಲ ಎನ್ನುವಂತೆಯೂ ಇಲ್ಲ. ಅಂಥದ್ದನ್ನು 'ಸಸ್ಪೆನ್ಸ್ ಖಾತೆ' ಎಂಬ ಪುಟದಲ್ಲಿ ಬರೆದಿಡುತ್ತಿದ್ದೆವು. ತಪಾಸಣೆಗೆ ಬಂದ ಅಧಿಕಾರಿಗಳು ಮೊದಲು ತೆರೆಯುತ್ತಿದ್ದುದೇ ಆ ಪುಟವನ್ನು. "ಈ ಎಂಟ್ರಿ ಎಷ್ಟು ದಿನದಿಂದ ಇಲ್ಲಿದೆ? ಯಾಕೆ ಇನ್ನೂ ಇತ್ಯರ್ಥವಾಗಿಲ್ಲ?" ಎಂದು ಕೇಳುತ್ತಿದ್ದರು.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಪಾಠ ಕಲಿತವನು, ನನ್ನ ಮನೆಯಲ್ಲೇ ಅದನ್ನು ಮರೆತೆ. ಅದೇ ಇವತ್ತಿನ ಕತೆ.

ನಮ್ಮ ಮನೆ ಕೋಟೇಶ್ವರದ ಹತ್ತಿರ. ಎರಡು ವರ್ಷದ ಹಿಂದೆ ಕೊಡಿ ಹಬ್ಬದ ದಿನ ಜಾತ್ರೆಗೆ ಹೊರಟಾಗ ನನ್ನ ಹೆಂಡತಿ ಸರ ಹಾಕಿಕೊಳ್ಳುತ್ತ, "ಹ್ವಾಯ್, ಇಲ್ಲೊಂದ್ ಗಂಟ್ ಸಿಕ್ತಲೆ" ಎಂದಳು. ಕುತ್ತಿಗೆಯ ಬಲಬದಿಯಲ್ಲಿ, ಕಿವಿಯಿಂದ ನಾಲ್ಕು ಬೆರಳು ಕೆಳಗೆ, ಹುಣಸೆ ಬೀಜದಷ್ಟು ದಪ್ಪ. ನೋವಿಲ್ಲ. "ಎಂತದೂ ಆತಿಲ್ಲೆ, ಚಳಿಗೆ ಬಂದದ್ದ್" ಎಂದು ಅವಳೇ ತೀರ್ಪನ್ನೂ ಕೊಟ್ಟಳು. ಪಕ್ಕದ ಮನೆಯ ಹಿರಿಯರು "ಸುಣ್ಣ ಬೆಲ್ಲ ಹಚ್ಚಿ ಕಾಣಿ" ಎಂದರು. ಹಚ್ಚಿದೆವು. ಚರ್ಮ ಕೆಂಪಾಯಿತು, ಗಂಟು ಅಲ್ಲೇ ಇತ್ತು.

ಜನವರಿಯಲ್ಲಿ ವೈದ್ಯರು ಐದು ದಿನದ ಮಾತ್ರೆ ಕೊಟ್ಟು, "ಕಡಿಮೆಯಾಗದಿದ್ದರೆ ಎರಡು ವಾರದಲ್ಲಿ ಬನ್ನಿ" ಎಂದರು. ನಾವು ಹೋಗಲಿಲ್ಲ. ಅದೇ ಚೀಟಿ ತೋರಿಸಿ ಅಂಗಡಿಯಿಂದ ಅದೇ ಮಾತ್ರೆ ಇನ್ನೊಮ್ಮೆ ತಂದೆ. ಇದು ನನ್ನ ಮೊದಲ ತಪ್ಪು. ಫೆಬ್ರವರಿಯಲ್ಲಿ ಹೋದಾಗ ಅವರು ರಕ್ತ ಪರೀಕ್ಷೆ, ಕುತ್ತಿಗೆಯ ಸ್ಕ್ಯಾನಿಂಗ್ ಎರಡನ್ನೂ ಬರೆದುಕೊಟ್ಟರು. ರಕ್ತದ ರಿಪೋರ್ಟ್ ಮೊದಲು ಬಂತು. ಥೈರಾಯಿಡ್ ಪರೀಕ್ಷೆಯ ಸಂಖ್ಯೆ ಸರಿಯಾಗಿತ್ತು. "ನಾರ್ಮಲ್" ಎಂಬ ಒಂದು ಶಬ್ದ ಕಂಡದ್ದೇ ತಡ, ನನಗೆ ಸಮಾಧಾನವಾಯಿತು. ಮರುದಿನ ಬಂದ ಸ್ಕ್ಯಾನಿಂಗ್ ರಿಪೋರ್ಟಿನ ಮೊದಲ ಪುಟ ಓದಿ, ಪಂಚಿಂಗ್ ಮಾಡಿ, ಫೈಲಿಗೆ ಸೇರಿಸಿಟ್ಟೆ. ಎರಡನೇ ಪುಟ ಇತ್ತು. ಓದಲಿಲ್ಲ. ವೈದ್ಯರಿಗೆ ತೋರಿಸಲೂ ಇಲ್ಲ. ಇದು ಎರಡನೇ ತಪ್ಪು, ದೊಡ್ಡದು. ವೋಚರಿನ ಹಿಂಬದಿ ನೋಡದೆ ಪಾಸ್ ಮಾಡುವ ಗುಮಾಸ್ತನನ್ನು ನಮ್ಮ ಕಾಲದಲ್ಲಿ ಯಾರೂ ಕ್ಷಮಿಸುತ್ತಿರಲಿಲ್ಲ.

ಏಪ್ರಿಲ್ ರಜೆಗೆ ಬೆಂಗಳೂರಿನಿಂದ ಮೊಮ್ಮಗಳು ಬಂದಳು. ಆರನೇ ತರಗತಿ ಮುಗಿಸಿದವಳು, ಪ್ರಶ್ನೆ ಕೇಳದೆ ಅರ್ಧ ಗಂಟೆ ಇರಲಾರದವಳು. ಒಂದು ಮಧ್ಯಾಹ್ನ ಗಂಜಿ ಊಟಕ್ಕೆ ಕೂತಾಗ ಅಜ್ಜಿಯ ಎದುರು ಕೂತು ನೋಡುತ್ತಲೇ ಇದ್ದಳು. ಆಮೇಲೆ ಕೇಳಿದಳು:

"ಅಜ್ಜಯ್ಯ, ಅಜ್ಜಿ ನೀರು ಕುಡಿಯುವಾಗ ಕುತ್ತಿಗೆ ಮಧ್ಯದ ಒಂದು ಗಂಟು ಮೇಲೆ ಹೋಗಿ ಕೆಳಗೆ ಬರತ್ತೆ. ಬದಿಯಲ್ಲಿರೋದು ಅಲ್ಲಾಡೋದೇ ಇಲ್ಲ. ಯಾಕೆ?"

ನಾನು ಬೆರಗಾದೆ. ನಮಗೆ ಗೊತ್ತಿದ್ದುದು ಒಂದೇ ಗಂಟು! ಅಜ್ಜಿಗೆ ಇನ್ನೊಮ್ಮೆ ನೀರು ಕುಡಿಸಿ ನೋಡಿದೆ. ಹುಡುಗಿ ಹೇಳಿದ್ದು ನಿಜ. ಅವಳ ಇನ್ನೊಂದು ಮಾತು ಕೇಳಿ ನನಗೆ ಊಟ ಸೇರಲಿಲ್ಲ: "ಅಜ್ಜಿ ಬಳೆ ಯಾಕೆ ಮೊಣಕೈವರೆಗೂ ಜಾರತ್ತೆ?" ನಾಲ್ಕು ತಿಂಗಳಿಂದ ದಿನವೂ ನೋಡುತ್ತಿದ್ದ ನನಗೆ ಅವಳು ಸಣ್ಣಗಾದದ್ದು ಕಂಡೇ ಇರಲಿಲ್ಲ. ಸಂಜೆ ಹೊತ್ತು ಮೈ ಸ್ವಲ್ಪ ಬೆಚ್ಚಗಾಗುವುದು, ಊಟ ಸೇರದಿರುವುದು ಎಲ್ಲವನ್ನೂ "ವಯಸ್ಸಾಯ್ತಲೆ" ಎಂಬ ಒಂದೇ ತಲೆಬರಹದ ಕೆಳಗೆ ಬರೆದುಬಿಟ್ಟಿದ್ದೆವು.

ಆ ರಾತ್ರಿ ಫೈಲು ತೆಗೆದು ಎರಡನೇ ಪುಟ ಓದಿದೆ. ಥೈರಾಯಿಡ್ ಗ್ರಂಥಿಯಲ್ಲಿ 2.8 ಸೆಂಟಿಮೀಟರಿನ ಒಂದು ಗಂಟು. ಬಲಬದಿಯಲ್ಲಿ 2.4 ಸೆಂಟಿಮೀಟರಿನ ದುಗ್ಧರಸ ಗ್ರಂಥಿ. ಎರಡಕ್ಕೂ ಸೂಜಿ ಪರೀಕ್ಷೆ ಮಾಡಿಸುವುದು ಒಳ್ಳೆಯದು ಎಂದು ಕೊನೆಯ ಸಾಲು. ಎರಡು ತಿಂಗಳಿಂದ ಆ ಸಾಲು ನನ್ನ ಕಪಾಟಿನಲ್ಲಿತ್ತು.

ಮೊದಲು ನಮ್ಮ ಹುಡುಗಿಯ ಪ್ರಶ್ನೆಗೆ ಉತ್ತರ ನೋಡೋಣ. ಥೈರಾಯಿಡ್ ಎಂದರೆ ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಗ್ರಂಥಿ. ಇಪ್ಪತ್ತು ಗ್ರಾಂ ಆಸುಪಾಸು ತೂಕ. ಅದು ಗಂಟಲಿನ ಧ್ವನಿಪೆಟ್ಟಿಗೆಗೆ ಅಂಟಿಕೊಂಡಿದೆ. ನುಂಗುವಾಗ ಧ್ವನಿಪೆಟ್ಟಿಗೆ ಮೇಲೇಳುತ್ತದೆ, ಜತೆಗೆ ಥೈರಾಯಿಡೂ ಮೇಲೇಳುತ್ತದೆ. ಬದಿಯಲ್ಲಿದ್ದದ್ದು ದುಗ್ಧರಸ ಗ್ರಂಥಿ. ಅದಕ್ಕೆ ಗಂಟಲಿನ ಜತೆ ಆ ನಂಟಿಲ್ಲ, ಆದ್ದರಿಂದ ಕೂತಲ್ಲೇ ಕೂತಿತ್ತು. ವೈದ್ಯರು ರೋಗಿಯ ಹಿಂದೆ ನಿಂತು ಕುತ್ತಿಗೆಗೆ ಕೈಯಿಟ್ಟು "ನೀರು ನುಂಗಿ" ಎನ್ನುವುದು ಇದಕ್ಕೇ.

ದುಗ್ಧರಸ ಗ್ರಂಥಿಗಳು ನಮ್ಮ ದೇಹದ ಚೆಕ್‌ಪೋಸ್ಟುಗಳು. ಮೈಯಲ್ಲಿ ಸುಮಾರು 600 ಇವೆ, ಅದರಲ್ಲಿ ದೊಡ್ಡ ಪಾಲು ಕುತ್ತಿಗೆಯಲ್ಲೇ. ಹಲ್ಲು ಹುಳುಕಾದರೆ, ಗಂಟಲು ನೋವು ಬಂದರೆ, ತಲೆಯಲ್ಲಿ ಹೇನು ಕಚ್ಚಿ ಹುಣ್ಣಾದರೆ ಹತ್ತಿರದ ಚೆಕ್‌ಪೋಸ್ಟಿನಲ್ಲಿ ಗಲಾಟೆ, ಅದು ಊದಿಕೊಳ್ಳುತ್ತದೆ. ಆದ್ದರಿಂದ ಮಕ್ಕಳೇ, ಶೀತವಾದಾಗ ನಿಮ್ಮ ಕುತ್ತಿಗೆಯಲ್ಲಿ ಬಟಾಣಿಯಷ್ಟು ಮೆತ್ತನೆಯ, ಮುಟ್ಟಿದರೆ ಜಾರುವ ಗಂಟು ಸಿಕ್ಕರೆ ಹೆದರಬೇಡಿ. ಹೆಚ್ಚಿನವು ಕೆಲವು ವಾರಗಳಲ್ಲಿ ತಾವೇ ಇಳಿಯುತ್ತವೆ. ಆದರೆ ಮನೆಯಲ್ಲಿ ಹೇಳಿ. ಕೆಪ್ಪಟ್ರಾಯವೇ ಬೇರೆ. ಅಲ್ಲಿ ಊದುವುದು ಕಿವಿಯ ಮುಂದಿನ ಜೊಲ್ಲುಗ್ರಂಥಿ.

ಮತ್ತೆ ಕತೆಗೆ ಬರೋಣ. ಮರುದಿನವೇ ಫೈಲು ಹಿಡಿದು ವೈದ್ಯರ ಮುಂದೆ ಕೂತೆವು. ಅವರು ಬೈಯಲಿಲ್ಲ. ಎರಡು ಮಾತು ಬಿಡಿಸಿ ಹೇಳಿದರು.

"ರಕ್ತದ ಟಿಎಸ್‌ಎಚ್ ಪರೀಕ್ಷೆ ಹೇಳುವುದು ಥೈರಾಯಿಡ್ ಎಷ್ಟು ಕೆಲಸ ಮಾಡುತ್ತದೆ ಎಂದು. ಅದರೊಳಗೆ ಏನು ಬೆಳೆದಿದೆ ಎಂದು ಅದು ಹೇಳುವುದಿಲ್ಲ." ನನಗೆ ಥಟ್ಟನೆ ಅರ್ಥವಾಯಿತು. ಖಾತೆಯ ಬಾಕಿ ಸರಿಯಿದೆ ಎಂದ ಮಾತ್ರಕ್ಕೆ ಒಳಗಿನ ಪ್ರತಿಯೊಂದು ಎಂಟ್ರಿಯೂ ಸರಿ ಎಂದಲ್ಲ.

"ಥೈರಾಯಿಡಿನ ಗಂಟು ಬಹಳ ಜನರಲ್ಲಿರುತ್ತದೆ, ಅದರಲ್ಲೂ ವಯಸ್ಸಾದ ಹೆಂಗಸರಲ್ಲಿ. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನಿರಪಾಯಕಾರಿ. ಆದರೆ ಜತೆಯಲ್ಲಿ ಕುತ್ತಿಗೆಯ ಬದಿಯ ಗ್ರಂಥಿಯೂ ಊದಿದ್ದರೆ ಸುಮ್ಮನಿರುವ ಹಾಗಿಲ್ಲ. ಥೈರಾಯಿಡಿನ ಕ್ಯಾನ್ಸರ್ ಅಲ್ಲಿಗೆ ಹೋಗುವುದುಂಟು." ಸ್ಕ್ಯಾನಿಂಗಿನಲ್ಲಿ ಆ ಗ್ರಂಥಿ ಹುರುಳಿಕಾಳಿನ ಆಕಾರ ಬಿಟ್ಟು ದುಂಡಗಾಗಿದೆ, ನಡುವೆ ಇರಬೇಕಾದ ಕೊಬ್ಬಿನ ಗೆರೆ ಕಾಣುತ್ತಿಲ್ಲ ಎಂದೂ ತೋರಿಸಿದರು.

ಹೆಂಡತಿ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ, "ಸೂಜಿ ಚುಚ್ರೆ ಹರಡತ್ತ್ ಅಂಬ್ರ್. ಚುಚ್ಚುದ್ ಬ್ಯಾಡ" ಎಂದಳು. ಈ ಮಾತು ನಮ್ಮ ಕಡೆ ತೆಂಗಿನಮರದಷ್ಟೇ ಬೇರೂರಿದೆ. ಆದರೆ ಇದು ನಿಜವಲ್ಲ. ಎಫ್‌ಎನ್‌ಎಸಿ ಎಂಬ ಈ ಪರೀಕ್ಷೆಯ ಸೂಜಿ ರಕ್ತ ತೆಗೆಯುವ ಸೂಜಿಗಿಂತಲೂ ಸಪೂರ. ಒಂದೆರಡು ನಿಮಿಷದ ಕೆಲಸ, ಅರಿವಳಿಕೆ ಕೂಡ ಹೆಚ್ಚಾಗಿ ಬೇಡ. ಕುತ್ತಿಗೆಯ ಇಂಥ ಗಂಟುಗಳಿಗೆ ಜಗತ್ತಿನಾದ್ಯಂತ ದಶಕಗಳಿಂದ ಮಾಡುತ್ತಿರುವ ಪರೀಕ್ಷೆ ಇದು. ಚುಚ್ಚಿದ್ದರಿಂದ ರೋಗ ಹರಡುತ್ತದೆ ಎಂಬ ಹೆದರಿಕೆಗೆ ಹುರುಳಿಲ್ಲ. ಪರೀಕ್ಷೆ ಮಾಡಿಸದೆ ಕಳೆದ ತಿಂಗಳುಗಳೇ ನಿಜವಾದ ಅಪಾಯ.

ಮೊದಲ ಸಲ ಊರಿನಲ್ಲೇ ಬದಿಯ ಗ್ರಂಥಿಗೆ ಸೂಜಿ ಹಾಕಿದರು. ರಿಪೋರ್ಟಿನಲ್ಲಿ ಬಂದದ್ದು: "ಮಾದರಿ ಸಾಲದು." ಹೆಂಡತಿಯ ಮುಖ ಅರಳಿತು. "ಕಂಡ್ರ್ಯಾ, ಎಂತದೂ ಇಲ್ಲೆ!" ಎಂದಳು. ನಾನೂ ನಂಬಿಬಿಡುತ್ತಿದ್ದೆ. ಮೊಮ್ಮಗಳು ರಿಪೋರ್ಟನ್ನು ತಿರುಗಿಸಿ ಮುರುಗಿಸಿ ಓದಿ, "ಅಜ್ಜಯ್ಯ, 'ಇಲ್ಲ' ಅಂತ ಬರೆದಿಲ್ಲ, 'ಸಾಲದು' ಅಂತ ಬರೆದಿದ್ದಾರೆ. ಪರೀಕ್ಷೆಯಲ್ಲಿ ಉತ್ತರ ಬರೆಯದಿದ್ದರೆ ಉತ್ತರ ಸರಿ ಅಂತ ಆಗತ್ತಾ?" ಎಂದಳು.

ಇದನ್ನು ನೀವೆಲ್ಲ ನೆನಪಿಡಬೇಕು. ಸೂಜಿಗೆ ಸಾಕಷ್ಟು ಜೀವಕೋಶ ಸಿಗದಿರುವುದು ಯಾರ ತಪ್ಪೂ ಅಲ್ಲ, ಎಲ್ಲ ಕಡೆಯೂ ಆಗುತ್ತದೆ. ಆದರೆ ಅದು 'ರೋಗವಿಲ್ಲ' ಎಂಬ ಉತ್ತರ ಅಲ್ಲ. ಉತ್ತರವೇ ಸಿಕ್ಕಿಲ್ಲ ಎಂದರ್ಥ. ಮತ್ತೆ ಮಾಡಿಸಬೇಕು, ಸಾಧ್ಯವಾದರೆ ಸ್ಕ್ಯಾನಿಂಗಿನ ಪರದೆ ನೋಡಿಕೊಂಡೇ ಸೂಜಿ ಹಾಕಿಸಬೇಕು.

ನಾವು ಮಣಿಪಾಲಕ್ಕೆ ಹೋದೆವು. ಶಾಸ್ತ್ರಿ ಸರ್ಕಲ್‌ನಿಂದ ಬೆಳಗಿನ ಬಸ್ಸು. ಬಸ್ಸಿನಲ್ಲಿ ಮೊಮ್ಮಗಳಿಗೆ ಒಂದು ಕತೆ ಹೇಳಿದೆ. ಉಡುಪಿಯಲ್ಲಿ 1925ರಲ್ಲಿ ಬ್ಯಾಂಕ್ ಕಟ್ಟಿದವರಲ್ಲಿ ಒಬ್ಬರಾದ ಡಾ. ಟಿ.ಎಂ.ಎ. ಪೈಯವರು ಸ್ವತಃ ವೈದ್ಯರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಅದೇ. 1928ರಲ್ಲಿ ದಿನಕ್ಕೆ ಎರಡಾಣೆ ಕಟ್ಟುವ ಪಿಗ್ಮಿ ಯೋಜನೆ ಬಂತು. ಏಜೆಂಟ್ ಮನೆ ಬಾಗಿಲಿಗೇ ಬಂದು ವಸೂಲಿ ಮಾಡುತ್ತಿದ್ದ. 1953ರಲ್ಲಿ ಅದೇ ಪೈಯವರು ಮಣಿಪಾಲದ ಗುಡ್ಡದ ಮೇಲೆ ಕಸ್ತೂರಬಾ ವೈದ್ಯಕೀಯ ಕಾಲೇಜು ಶುರುಮಾಡಿದರು. "ಹಾಗಾದರೆ ನಿಮ್ಮ ಬ್ಯಾಂಕಿಗೂ ಅಜ್ಜಿಯ ಡಾಕ್ಟರಿಗೂ ನಂಟು ಇದೆ" ಎಂದಳು. ಬೆಳಗಿನಿಂದ ಗಂಟುಮುಖ ಹಾಕಿಕೊಂಡಿದ್ದ ಅಜ್ಜಿ ಆಗ ಸ್ವಲ್ಪ ನಕ್ಕಳು.

ಅಲ್ಲಿ ಎರಡೂ ಗಂಟುಗಳಿಗೆ ಸ್ಕ್ಯಾನಿಂಗ್ ನೋಡಿಕೊಂಡು ಸೂಜಿ ಹಾಕಿದರು. ಬದಿಯ ಗ್ರಂಥಿಯಿಂದ ತೆಗೆದ ದ್ರವವನ್ನು ಮೂರು ಪಾಲು ಮಾಡಿದರು. ಒಂದು ಸೂಕ್ಷ್ಮದರ್ಶಕದಲ್ಲಿ ನೋಡಲು. ಇನ್ನೊಂದು, ಥೈರಾಯಿಡ್ ಮಾತ್ರ ತಯಾರಿಸುವ ಥೈರೋಗ್ಲೋಬ್ಯುಲಿನ್ ಎಂಬ ವಸ್ತು ಅದರಲ್ಲಿ ಇದೆಯೇ ಎಂದು ನೋಡಲು. ಬದಿಯ ಗ್ರಂಥಿಯಲ್ಲಿ ಅದು ಹೆಚ್ಚಾಗಿ ಸಿಕ್ಕರೆ ಥೈರಾಯಿಡಿನ ಕ್ಯಾನ್ಸರ್ ಅಲ್ಲಿಗೆ ಬಂದಿದೆ ಎಂಬ ಅನುಮಾನ ಬಲವಾಗುತ್ತದೆ. ಮೂರನೆಯದು ಕ್ಷಯದ ರೋಗಾಣು ಹುಡುಕುವ ಸಿಬಿನ್ಯಾಟ್ ಪರೀಕ್ಷೆಗೆ.

ಉತ್ತರಕ್ಕೆ ಕಾದ ದಿನಗಳನ್ನು ವಿವರಿಸುವುದಿಲ್ಲ. ರಾತ್ರಿ ಹೊರಗೆ ಎಲ್ಲೋ ಯಕ್ಷಗಾನದ ಚೆಂಡೆ ಕೇಳುತ್ತಿತ್ತು. ಇಬ್ಬರಿಗೂ ನಿದ್ದೆಯಿಲ್ಲ, ಇಬ್ಬರೂ ನಿದ್ದೆ ಬಂದವರ ಹಾಗೆ ಮಲಗಿದ್ದೆವು.

ಉತ್ತರ ಬಂತು. ಥೈರಾಯಿಡಿನ ಗಂಟು ಬೆಥೆಸ್ಡಾ 2. ಥೈರಾಯಿಡಿನ ಸೂಜಿ ಪರೀಕ್ಷೆಯ ಉತ್ತರಗಳನ್ನು ಲೋಕವೆಲ್ಲ ಒಂದೇ ರೀತಿಯಲ್ಲಿ 1ರಿಂದ 6ರವರೆಗೆ ಬರೆಯುತ್ತಾರೆ. 1 ಎಂದರೆ ಮಾದರಿ ಸಾಲದು, 2 ಎಂದರೆ ನಿರಪಾಯ, 6 ಎಂದರೆ ಕ್ಯಾನ್ಸರ್. ನಡುವಿನವು ಅನುಮಾನದ ಮೆಟ್ಟಿಲುಗಳು. ಬದಿಯ ಗ್ರಂಥಿಯಲ್ಲಿ ಥೈರಾಯಿಡಿನ ಸುಳಿವೇ ಇರಲಿಲ್ಲ. ಇದ್ದದ್ದು ಕ್ಷಯ.

ಒಬ್ಬರೇ ಗಿರಾಕಿ, ಎರಡು ಬೇರೆ ಬೇರೆ ಖಾತೆ! ಒಂದನ್ನು ನೋಡಿ ಇನ್ನೊಂದನ್ನು ಊಹಿಸಿದ್ದರೆ ತಪ್ಪುತ್ತಿತ್ತು. ಥೈರಾಯಿಡಿನ ರಿಪೋರ್ಟ್ ಮಾತ್ರ ನೋಡಿ 'ಏನಿಲ್ಲ' ಎಂದು ಕೂತಿದ್ದರೆ ಕ್ಷಯ ಬೆಳೆಯುತ್ತಿತ್ತು. ಗ್ರಂಥಿಯನ್ನು ಮಾತ್ರ ನೋಡಿ 'ಕ್ಯಾನ್ಸರೇ' ಎಂದು ಕಂಗಾಲಾಗಿದ್ದರೆ ಅದೂ ತಪ್ಪು.

ನನಗೆ ಹಗುರವಾಯಿತು. ಆದರೆ ಹೆಂಡತಿಗೆ ಹಾಗಾಗಲಿಲ್ಲ. ಅವಳ ಸಣ್ಣಪ್ರಾಯದಲ್ಲಿ ಕ್ಷಯ ಬಂದವರಿಗೆ ತಟ್ಟೆ ಲೋಟ ಬೇರೆ, ಮಲಗುವ ಜಾಗ ಬೇರೆ. "ಯಾರಿಗೂ ಹೇಳುದ್ ಬ್ಯಾಡ. ಮಗಿನ್ನ ಕರ್ಕಂಡ್ ಹೋಪುಕೆ ಹೇಳಿ" ಎಂದು ಕೋಣೆಯ ಬಾಗಿಲು ಹಾಕಿಕೊಂಡಳು. ಮೊಮ್ಮಗಳು ಹೊರಗೆ ನಿಂತು ಅಳುತ್ತಿದ್ದಳು. ಅಷ್ಟು ವರ್ಷದ ಸಂಸಾರದಲ್ಲಿ ನಾನು ಇಷ್ಟು ಅಸಹಾಯಕನಾದದ್ದಿಲ್ಲ.

ಬಾಗಿಲು ತೆರೆಸಿದವರು ಆರೋಗ್ಯ ಕೇಂದ್ರದ ಸಹೋದರಿ. ಮನೆಗೇ ಬಂದು ವರಾಂಡದಲ್ಲಿ ಕೂತು ಗಟ್ಟಿಯಾಗಿ ಹೇಳಿದರು: "ಅಮ್ಮ, ಎದೆಯ ಎಕ್ಸ್‌ರೇ ಸರಿಯಿದೆ. ಗ್ರಂಥಿಯಲ್ಲಿ ಮಾತ್ರ ಇರುವ ಕ್ಷಯ ಉಸಿರಿನಿಂದ, ತಟ್ಟೆಯಿಂದ, ಮುಟ್ಟುವುದರಿಂದ ಹರಡುವುದಿಲ್ಲ. ಮೊಮ್ಮಗಳನ್ನು ಅಪ್ಪಿಕೊಳ್ಳಬಹುದು." ಆದರೂ ಮನೆಯವರೆಲ್ಲರನ್ನೂ ಒಮ್ಮೆ ತಪಾಸಣೆ ಮಾಡಿದರು. ಎಲ್ಲರೂ ಸರಿಯಿದ್ದೆವು. ಬಾಗಿಲು ತೆರೆಯಿತು.

ಮೇ ಮೊದಲ ವಾರ ಮಾತ್ರೆ ಶುರು. ಸರಕಾರದಿಂದ ಉಚಿತ. ತೂಕಕ್ಕೆ ತಕ್ಕಷ್ಟು ಮಾತ್ರೆ, ದಿನವೂ, ಆರು ತಿಂಗಳು. ಮೊದಲ ಎರಡು ತಿಂಗಳು ನಾಲ್ಕು ಔಷಧ, ಆಮೇಲೆ ಮೂರು. ಹೆಸರು 'ನಿಕ್ಷಯ್' ಪಟ್ಟಿಗೆ ಸೇರುತ್ತದೆ. ಆಹಾರಕ್ಕೆಂದು ಬ್ಯಾಂಕ್ ಖಾತೆಗೆ ಹಣವೂ ಬರುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರಿನಿಂದ 1,000 ರೂಪಾಯಿ ಆಗಿದೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಹೆದರಬಾರದು, ಅದು ಔಷಧದ ಬಣ್ಣ. ಆದರೆ ಕಣ್ಣು ಹಳದಿಯಾದರೆ, ನೋಟ ಮಂಜಾದರೆ ಕೂಡಲೇ ಹೇಳಬೇಕು. ನಡುವೆ ಒಮ್ಮೆ ಗಂಟು ದೊಡ್ಡದಾದಂತೆ ಕಂಡಿತು. ಚಿಕಿತ್ಸೆಯ ಮಧ್ಯೆ ಹಾಗಾಗುವುದುಂಟು, ಮಾತ್ರೆ ನಿಲ್ಲಿಸಬೇಡಿ ಎಂದರು. ನಿಲ್ಲಿಸಲಿಲ್ಲ. ಬೆಂಗಳೂರಿಗೆ ಹೋದ ಮೇಲೂ ಮೊಮ್ಮಗಳು ದಿನಾ ಬೆಳಿಗ್ಗೆ ಫೋನ್ ಮಾಡಿ "ಅಜ್ಜಿ, ಮಾತ್ರೆ?" ಎಂದು ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದಳು. ನವೆಂಬರಿನಲ್ಲಿ ಲೆಕ್ಕ ಮುಗಿಯಿತು. ಆ ವರ್ಷದ ಕೊಡಿ ಹಬ್ಬಕ್ಕೆ ಅಜ್ಜಿ ನಡೆದೇ ಹೋಗಿ ಕಬ್ಬು ತಂದಳು. ಬಳೆ ಮಣಿಕಟ್ಟಿನಲ್ಲೇ ನಿಂತಿತ್ತು. ಥೈರಾಯಿಡಿನ ಗಂಟು ಇನ್ನೂ ಇದೆ. ಅದಕ್ಕೆ ವರ್ಷಕ್ಕೊಮ್ಮೆ ಸ್ಕ್ಯಾನಿಂಗ್ ಮಾಡಿಸಿ ಎಂದಿದ್ದಾರೆ.

ನಮ್ಮದು ಕ್ಷಯ ಎಂದಾಯಿತು. ಎಲ್ಲರದ್ದೂ ಅದೇ ಆಗಬೇಕಿಲ್ಲ. ಥೈರಾಯಿಡಿನ ಕ್ಯಾನ್ಸರ್ ಆಗಿದ್ದರೂ ಹೆಚ್ಚಿನ ವಿಧಗಳು ಶಸ್ತ್ರಚಿಕಿತ್ಸೆಯಿಂದ ಚೆನ್ನಾಗಿ ಗುಣವಾಗುತ್ತವೆ. ದುಗ್ಧರಸ ಗ್ರಂಥಿಯದ್ದೇ ಕ್ಯಾನ್ಸರ್, ಅಂದರೆ ಲಿಂಫೋಮಾ ಎಂಬ ಅನುಮಾನ ಬಂದರೆ ಸೂಜಿ ಸಾಲದು, ಇಡೀ ಗ್ರಂಥಿಯನ್ನು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಯಾವುದೇ ಇರಲಿ, ಮೊದಲು ಹೆಸರು ಗೊತ್ತಾಗಬೇಕು. ಹೆಸರು ಗೊತ್ತಾಗುವ ಮೊದಲು ಯಾರೋ ಹೇಳಿದರೆಂದು ಆ್ಯಂಟಿಬಯಾಟಿಕ್ಕನ್ನೋ ಸ್ಟಿರಾಯ್ಡನ್ನೋ ನುಂಗಬಾರದು. ಅವು ರೋಗವನ್ನು ಗುಣಪಡಿಸದೆ ಅದರ ಗುರುತನ್ನು ಮಾತ್ರ ಮರೆಮಾಡಬಹುದು.

ಹಿರಿಯರೇ, ನನ್ನ ತಪ್ಪಿನಿಂದ ಕಲಿತ ನಾಲ್ಕು ಲೆಕ್ಕ ಇಲ್ಲಿ ಬರೆದಿಡುತ್ತೇನೆ.

1. ಕುತ್ತಿಗೆಯ ಗಂಟು ಎರಡು ಮೂರು ವಾರದಲ್ಲಿ ಇಳಿಯದಿದ್ದರೆ ತೋರಿಸಿ. ಗಟ್ಟಿಯಾಗಿದ್ದರೆ, ಬೆಳೆಯುತ್ತಿದ್ದರೆ, ಕೊರಳೆಲುಬಿನ ಮೇಲ್ಗಡೆ ಇದ್ದರೆ, ಜತೆಗೆ ಜ್ವರ, ರಾತ್ರಿ ಬೆವರು, ತೂಕ ಇಳಿತ, ಸ್ವರ ಬದಲಾವಣೆ, ನುಂಗಲು ಕಷ್ಟ ಇದ್ದರೆ ಕಾಯಬೇಡಿ. ಉಸಿರಾಡಲು ಕಷ್ಟವಾದರಂತೂ ಅದೇ ಗಳಿಗೆಯಲ್ಲಿ ಹೊರಡಿ.

2. ಕೈಯಿಂದ ಮುಟ್ಟಿ ನೋಡಿದ್ದು, ಸ್ಕ್ಯಾನಿಂಗ್, ಸೂಜಿ ಪರೀಕ್ಷೆ, ಈ ಮೂರೂ ತಾಳೆಯಾಗಬೇಕು. ಒಂದು 'ನಾರ್ಮಲ್' ನೋಡಿ ಫೈಲು ಮುಚ್ಚಬೇಡಿ. ಎಲ್ಲ ಗಂಟಿಗೂ ಸೂಜಿ ಬೇಕೆಂದಿಲ್ಲ. ಸಣ್ಣದಿದ್ದು ಸ್ಕ್ಯಾನಿಂಗಿನಲ್ಲಿ ಅನುಮಾನವಿಲ್ಲದಿದ್ದರೆ ಕಾದು ನೋಡುವುದೂ ಸರಿಯಾದ ಚಿಕಿತ್ಸೆಯೇ. ಆದರೆ ಆ ತೀರ್ಮಾನ ವೈದ್ಯರದ್ದಿರಬೇಕು, ಕಪಾಟಿನದ್ದಲ್ಲ.

3. ಹೋಗುವಾಗ ಹಳೆಯ ಎಲ್ಲ ರಿಪೋರ್ಟ್, ಸ್ಕ್ಯಾನಿಂಗಿನ ಚಿತ್ರ, ದಿನವೂ ನುಂಗುವ ಮಾತ್ರೆಗಳ ಪಟ್ಟಿ ಒಯ್ಯಿರಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಸೂಜಿಗೆ ಮೊದಲೇ ಹೇಳಬೇಕು. ಏಳುವ ಮೊದಲು ಕೇಳಿ: "ಮುಂದಿನ ಹೆಜ್ಜೆ ಏನು, ಯಾವ ದಿನ ಬರಬೇಕು?"

4. ಶಸ್ತ್ರಚಿಕಿತ್ಸೆ ಬೇಕಾದರೆ ದುಡ್ಡಿಲ್ಲವೆಂದು ಮುಂದೂಡಬೇಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ರೇಷನ್ ಕಾರ್ಡು, ಆಧಾರ್ ಹಿಡಿದುಕೊಂಡು ಸರಕಾರಿ ಆಸ್ಪತ್ರೆಗೆ ಹೋಗಿ, ಮೇಲಿನ ಆಸ್ಪತ್ರೆಗೆ ರೆಫರಲ್ ಚೀಟಿ ಕೇಳಿ.

ಮಕ್ಕಳೇ, ನಿಮಗೆ ಕೊನೆಯಲ್ಲಿ ಒಂದು ಮೋಜಿನ ಮಾತು. ಕ್ಷಯದ ರೋಗಾಣುವನ್ನು 1882ರ ಮಾರ್ಚ್ 24ರಂದು ಲೋಕಕ್ಕೆ ತೋರಿಸಿದವರು ರಾಬರ್ಟ್ ಕಾಖ್, ಜರ್ಮನಿಯವರು. ಅದಕ್ಕೇ ಮಾರ್ಚ್ 24 ವಿಶ್ವ ಕ್ಷಯರೋಗ ದಿನ. ಥೈರಾಯಿಡಿನ ಶಸ್ತ್ರಚಿಕಿತ್ಸೆಯಲ್ಲಿ ಜನ ಸಾಯುವುದನ್ನು ತಪ್ಪಿಸಿದವರು ಸ್ವಿಟ್ಜರ್ಲೆಂಡಿನ ಥಿಯೋಡರ್ ಕಾಖರ್. ಮೊದಲನೆಯವರಿಗೆ 1905ರಲ್ಲಿ, ಎರಡನೆಯವರಿಗೆ 1909ರಲ್ಲಿ ನೊಬೆಲ್ ಬಂತು. ಕಾಖ್ ಮತ್ತು ಕಾಖರ್! ನಮ್ಮ ಅಜ್ಜಿಯ ಒಂದೇ ಕುತ್ತಿಗೆಯಲ್ಲಿ ಇಬ್ಬರಿಗೂ ಕೆಲಸವಿತ್ತು.

ಈ ವಾರದ ಮನೆಗೆಲಸ ಇಷ್ಟೇ. ಅಜ್ಜ ಅಜ್ಜಿ ನೀರು ಕುಡಿಯುವಾಗ ಎದುರು ಕೂತು ಅವರ ಮುಖ, ಕೊರಳು, ಕೈಯ ಬಳೆ ಎಲ್ಲವನ್ನೂ ಒಮ್ಮೆ ಚೆನ್ನಾಗಿ ನೋಡಿ. ನಾವು ಹಿರಿಯರು ದಿನಾ ನೋಡಿ ನೋಡಿ ಕಾಣದಾದದ್ದು ನಿಮ್ಮ ಕಣ್ಣಿಗೆ ಬೀಳುತ್ತದೆ. ಕಂಡದ್ದನ್ನು ನಾಚದೆ ಕೇಳಿ. ಹಿರಿಯರೇ, ಮಕ್ಕಳು ಕೇಳಿದಾಗ "ಸುಮ್ನಿರ್" ಎನ್ನಬೇಡಿ. ನಮ್ಮ ಮನೆಯ ಸಸ್ಪೆನ್ಸ್ ಖಾತೆಯನ್ನು ಇತ್ಯರ್ಥ ಮಾಡಿದ ತಪಾಸಣಾಧಿಕಾರಿಗೆ ಆಗ ಹನ್ನೆರಡು ವರ್ಷ.